ಉಡಿ ತುಂಬುವ ಸಾಲಿನಲ್ಲಿ

ಚನ್ನಮಲ್ಲ ದರ್ಜಿ. ಊರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಕುಂಚಿಗೆ ಹೊಲಿಸಲು ಅವನಲ್ಲಿಗೇ ಬರುತ್ತಿದ್ದರು. ಹೊಲಿದು ಕೊಡುತ್ತಿದ್ದ. ಮಗುವನ್ನು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಮದುವೆಯಾಗಿ ಹನ್ನೊಂದು ವರ್ಷ ಕಳೆದಿತ್ತು. ಅವನಿಗೂ ದಾನಮ್ಮನಿಗೂ ಮಕ್ಕಳಿರಲಿಲ್ಲ.

ಹೊಳೆಯ ದಂಡೆಯ ಮಠದಲ್ಲಿ ಒಬ್ಬ ಸ್ವಾಮಿಗಳಿದ್ದರು, ಊರು ಅವರನ್ನು ಅಜ್ಜ ಎನ್ನುತ್ತಿತ್ತು. ಚನ್ನಮಲ್ಲ ಹುಡುಗನಾಗಿದ್ದಾಗಿನಿಂದ ಅವರ ಶಿಷ್ಯ. ಸೋಮವಾರ ಸಂಜೆ ಮಠದಲ್ಲಿ ಪುರಾಣ ಓದುವವನು ಅವನೇ. ಅವನ ದನಿಗೆ ಊರು ತಲೆದೂಗುತ್ತಿತ್ತು.

ಶ್ರಾವಣದ ಕಡೆಯ ಸೋಮವಾರ ಮಠದಲ್ಲಿ ಮಕ್ಕಳಿಲ್ಲದ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ, ಸೆರಗಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬುತ್ತಿದ್ದರು. ದಾನಮ್ಮ ಹತ್ತು ವರ್ಷ ಆ ಸಾಲಿನಲ್ಲಿ ಕೂತಿದ್ದಳು.

ಈ ಸಲ ಹಿಂದಿನ ದಿನವೇ ಚನ್ನಮಲ್ಲ ಒಬ್ಬನೇ ಮಠಕ್ಕೆ ಬಂದ. ಅಜ್ಜ ಮರುದಿನದ ಪ್ರಸಾದಕ್ಕೆ ಶೇಂಗಾ ಸುಲಿಯುತ್ತಾ ಕೂತಿದ್ದರು.

"ಅಜ್ಜಾರ, ಒಂದು ಮಾತು ಕೇಳಬೇಕಾಗಿತ್ರಿ."

"ಕೇಳಪಾ."

"ಅವ್ವ ನನಗ ಇನ್ನೊಂದು ಮದುವಿ ಮಾಡಾಕ ನಿಂತಾಳ್ರಿ. ಹುಡುಗೀನ ನೋಡಿನೂ ಬಂದಾಳ."

"ದಾನಮ್ಮ ಏನಂತಾಳ?"

"ಆಕಿ ಹೂಂ ಅಂದಾಳ್ರಿ."

"ನೀ?"

"ನನಗ ಬ್ಯಾಡ್ರಿ. ಅವ್ವ ನಿಮ್ಮ ಮಾತು ಮೀರಂಗಿಲ್ಲ. ಇವನ ಕುಂಡಲ್ಯಾಗ ಎರಡನೇ ಮದುವಿ ಆಗಿಬರಂಗಿಲ್ಲ ಅಂತ ನೀವೊಂದು ಮಾತು ಹೇಳಿದ್ರ ಸಾಕು. ಕೈಬಿಡ್ತಾಳ."

"ನಿನ್ನ ಕುಂಡಲಿ ನಾ ನೋಡೇ ಇಲ್ಲ."

ಚನ್ನಮಲ್ಲ ನೆಲ ನೋಡಿದ.

"ಮದುವಿ ಯಾಕ ಬ್ಯಾಡ?" ಅಜ್ಜ ಕೇಳಿದರು.

"ದಾನಮ್ಮಗ ನೋವಾಗ್ತೈತ್ರಿ."

"ಆಕಿ ಹೂಂ ಅಂದಾಳ ಅಂತ ನೀನೇ ಅಂದೆಲ್ಲ?"

ಅಜ್ಜ ಶೇಂಗಾದ ಮೊರ ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಬರುವಾಗ ಕೈಯಲ್ಲಿ ತಟ್ಟೆ ಇತ್ತು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನದ ಕೊಂಬು.

"ಶಲ್ಯ ತಗಿ. ಉಡಿ ಒಡ್ಡು."

"ಅಜ್ಜಾರ, ಇದು ಹೆಣ್ಣುಮಕ್ಕಳದ್ರಿ!"

"ಹತ್ತು ವರ್ಷ ಆಕಿದು ತುಂಬೀನಿ. ಒಮ್ಮೆ ನಿಂದು ತುಂಬೂಣು."

ಸುತ್ತ ಯಾರೂ ಇರಲಿಲ್ಲ. ದೂರದ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುವ ಸದ್ದು ಅಷ್ಟೇ. ಆದರೂ ಚನ್ನಮಲ್ಲನ ಕೈ ಶಲ್ಯವನ್ನು ಎದೆಗೆ ಅವಚಿ ಹಿಡಿದಿತ್ತು. ಕಂಬಕ್ಕೆ ಒರಗಿ ಹಾಗೇ ಕುಸಿದು ಕೂತ.

"ನಿಮಗ ಗೊತ್ತೇನ್ರಿ?"

"ನನಗೇನು ಗೊತ್ತು? ನೀ ಹೇಳಿದ್ರ ಗೊತ್ತಾಗ್ತೈತಿ."

ಆಗ ಅವನು ಹೇಳಿದ.

ನಾಲ್ಕು ವರ್ಷದ ಹಿಂದೆ ಗಂಡ ಹೆಂಡತಿ ದೊಡ್ಡ ಊರಿನ ದವಾಖಾನೆಗೆ ಹೋಗಿದ್ದರು. ಇಬ್ಬರನ್ನೂ ತಪಾಸಣೆ ಮಾಡಿದರು. ಡಾಕ್ಟರು ಕಾಗದ ನೋಡಿ, ದಾನಮ್ಮನಲ್ಲಿ ಏನೂ ತೊಂದರೆ ಇಲ್ಲ ಎಂದರು. ಆಮೇಲೆ ಅವನ ಕಡೆ ತಿರುಗಿ ದನಿ ತಗ್ಗಿಸಿದರು. ಔಷಧದಿಂದ ವಾಸಿಯಾಗುವಂಥದ್ದಲ್ಲ ಎಂದರು.

"ಬಸ್ಸಿನ್ಯಾಗ ದಾನಮ್ಮ ಆ ಕಾಗದ ಇಸ್ಕೊಂಡು ಮಡಚಿ ಸೊಂಟಕ್ಕ ಸಿಗಿಸಿಕೊಂಡ್ಳು. ಮನ್ಯಾಗ ನಾ ಹೇಳ್ತೀನಿ, ನೀವು ಸುಮ್ನಿರ್ರಿ ಅಂದ್ಳು."

"ಏನು ಹೇಳಿದ್ಳು?"

"ಹೊಸ್ತಿಲದಾಗ ನಿಂತು, 'ದೋಷ ನಂದೈತ್ರಿ ಅತ್ತಿ' ಅಂದ್ಳು."

"ನೀ ಎಲ್ಲಿದ್ದಿ?"

"ಅಲ್ಲೇ ಇದ್ದೆ. ಕಾಲು ತೊಳ್ಕೊಳ್ಳಾಕ ಹಿತ್ತಲಕ್ಕ ಹೋದ್ನಿ."

ಅಜ್ಜ ಕೈಯಲ್ಲಿನ ತಟ್ಟೆ ಕೆಳಗಿಟ್ಟರು.

"ಅವತ್ತಿನಿಂದ ಅವ್ವ ಆಕೀನ ಯಾರ ತೊಟ್ಟಿಲಕ್ಕೂ ಕಳಸಲಿಲ್ರಿ. ಬೆಳಿಗ್ಗೆ ಎದುರು ಬಂದ್ರ ಬೈತಾಳ. ನನ್ನ ಮಿಷನ್ನು ಪಡಸಾಲ್ಯಾಗೇ ಐತಿ. ಎಲ್ಲಾ ಕೇಳಸ್ತೈತಿ. ಬೈಗಳ ಸುರು ಆದ್ರ ಇನ್ನೂ ಜೋರಾಗಿ ಮಿಷನ್ ತುಳೀತೀನ್ರಿ."

ಅಜ್ಜ ಕೇಳಿದರು: "ಆ ಹೊಸ ಹುಡುಗಿ ಬಂದ್ಳಂದ್ರ, ಆಕಿನೂ ಹೊಸ್ತಿಲದಾಗ ನಿಂತು ಹಂಗೇ ಹೇಳಬೇಕೇನು?"

"ಅದಕ್ಕೇ ನಿಮ್ಮ ಕಡೆ ಬಂದೀನ್ರಿ. ನೀವು ತಪ್ಪಿಸ್ರಿ."

"ಅವತ್ತು ಹೆಂಡ್ತಿ ಸುಳ್ಳು ಹೇಳಿದ್ಳು. ಈಗ ಗುರು ಹೇಳಬೇಕು."

"ನಾ ಹೆಂಗ ಹೇಳ್ಲ್ರಿ ಅಜ್ಜಾರ? ಊರಾಗ ತಲಿ ಎತ್ತಿ ಹೆಂಗ ತಿರುಗಲಿ?"

"ದಾನಮ್ಮ ಹೆಂಗ ತಿರುಗ್ತಾಳ?"

ಅಜ್ಜ ತಟ್ಟೆಯನ್ನು ಒಳಗಿಟ್ಟು ಬಂದು ಮತ್ತೆ ಶೇಂಗಾ ಸುಲಿಯತೊಡಗಿದರು.

"ನನಗ ಏನು ಹೇಳ್ತೀರಿ ಹಂಗಾರ?"

"ಏನೂ ಹೇಳಂಗಿಲ್ಲ. ನಾಳೆ ಉಡಿ ತುಂಬೂದೈತಿ. ಬಾ."

ಮರುದಿನ ಮಠದ ಪಡಸಾಲೆಯಲ್ಲಿ ಹದಿನೈದು ಹೆಣ್ಣುಮಕ್ಕಳು ಕೂತಿದ್ದರು. ಮದುವೆಯಾಗಿ ಎರಡು ವರ್ಷವಾದವರು, ಮೂರು ವರ್ಷವಾದವರು. ಸಾಲಿನ ಕೊನೆಯಲ್ಲಿ ದಾನಮ್ಮ. ಅವಳ ಹಿಂದೆ ಅತ್ತೆ ಬಸಲಿಂಗವ್ವ ನಿಂತಿದ್ದಳು. ಗಂಡಸರು ಅಂಗಳದಲ್ಲಿದ್ದರು. ಚನ್ನಮಲ್ಲನೂ ಅವರ ನಡುವೆ ಇದ್ದ.

ಅಜ್ಜ ಒಬ್ಬೊಬ್ಬರಿಗೇ ಅಕ್ಕಿ ಹಾಕುತ್ತಾ ಬಂದರು. ದಾನಮ್ಮನ ಮುಂದೆ ಬಂದಾಗ ಬಸಲಿಂಗವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈಕಿಗೆ ಬರೇ ಶಾಸ್ತ್ರಕ್ಕ ಹಾಕ್ರಿ ಅಜ್ಜಾರ. ದೋಷ ಈಕಿದೇ ಐತಿ. ಇದು ಕಡೀ ಸಲ. ಬರೂ ವರ್ಷ ಇನ್ನೊಬ್ಬಾಕೀನ ಕರ್ಕೊಂಡು ಬರ್ತೀನಿ."

ಯಾರೋ ಸೆರಗಿನ ಮರೆಯಲ್ಲಿ ನಕ್ಕರು.

ಈಗ ಅಜ್ಜ ಏನಾದರೂ ಅನ್ನುತ್ತಾರೆ ಎಂದು ಚನ್ನಮಲ್ಲ ಕಾದ. ಅಜ್ಜ ಅನ್ನಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಬೊಗಸೆಯಲ್ಲಿ ಅಕ್ಕಿ ಹಿಡಿದು ಸುಮ್ಮನೆ ನಿಂತರು.

ದಾನಮ್ಮ ತಲೆ ತಗ್ಗಿಸಿ ಸೆರಗು ಒಡ್ಡಿದ್ದಳು. ಒಂದು ಗೇಣು ಅಗಲ, ಅಷ್ಟೇ. ಉಳಿದವರು ಮೊಳದಷ್ಟು ಹರವಿದ್ದರು. ತನಗೆ ಅಷ್ಟು ಸಾಕು ಎಂಬಂತೆ ಅವಳು ಒಡ್ಡಿದ್ದಳು.

ಅದನ್ನು ಅವನಿಂದ ನೋಡಲಾಗಲಿಲ್ಲ.

ಗಂಡಸರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿದ. ಹೆಂಗಸರ ಸಾಲಿನಲ್ಲಿ, ದಾನಮ್ಮನ ಪಕ್ಕ ಚಾಪೆಯ ಮೇಲೆ ಕೂತ.

"ಅವ್ವಾ, ದೋಷ ನಂದು."

ಪುರಾಣ ಓದುವ ದನಿ ಅದಾಗಿರಲಿಲ್ಲ. ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ. ಅವನು ಇನ್ನೊಮ್ಮೆ ಹೇಳಬೇಕಾಯಿತು.

"ದೋಷ ನಂದು. ದವಾಖಾನ್ಯಾಗ ನಾಕು ವರ್ಷದ ಹಿಂದೆನೇ ಹೇಳ್ಯಾರ. ಈಕಿ ನನ್ನ ಸಲುವಾಗಿ ಸುಳ್ಳು ಹೇಳಿದ್ಳು. ನಾ ಸುಮ್ನಿದ್ದೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಯಾರೋ ಕೆಮ್ಮಿದರು.

ಅಜ್ಜ ದಾನಮ್ಮನ ಉಡಿಗೆ ಅಕ್ಕಿ ಹಾಕಿ ಒಳಗೆ ಹೋದರು.

ಬಸಲಿಂಗವ್ವ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಮೆಟ್ಟಿಲು ಇಳಿದಳು. ಜೊತೆಗಿದ್ದ ನೆರೆಮನೆಯವಳಿಗೆ ಇಷ್ಟೇ ಹೇಳಿದಳು: "ಆ ಹುಡುಗೀ ಮನಿಯವರಿಗೆ ಬ್ಯಾಡಂತ ಹೇಳಿ ಕಳಸಬೇಕವ್ವಾ."

ಹೆಂಡತಿ ಈಗ ತನ್ನ ಕಡೆ ಒಮ್ಮೆಯಾದರೂ ತಿರುಗಿ ನೋಡುತ್ತಾಳೆ ಎಂದು ಚನ್ನಮಲ್ಲ ಕಾದ.

ದಾನಮ್ಮ ತಿರುಗಿದಳು. ಅವಳ ಕಣ್ಣು ಕೆಂಪಾಗಿದ್ದವು.

"ಹೇಳೂದಿದ್ರ ಅವತ್ತೇ ಹೇಳಬೇಕಿತ್ತು," ಎಂದಳು.

ಎದ್ದು ಹೊಳೆಯ ಕಡೆ ನಡೆದಳು. ಉಡಿಯ ಅಕ್ಕಿ ದಾರಿಯುದ್ದ ಚೆಲ್ಲುತ್ತಾ ಹೋಯಿತು.

ಪ್ರಸಾದ ಮುಗಿದು ಜನ ಕರಗಿದರು. ಹೋಗುವಾಗ ಯಾರೂ ಅವನನ್ನು ಮಾತಾಡಿಸಲಿಲ್ಲ. ಅವನು ಚಾಪೆ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಅಜ್ಜ ಹೊರಗೆ ಬಂದು ಅವನ ಹತ್ತಿರ ಕೂತರು.

"ಹೇಳಿದ್ನ್ರಿ ಅಜ್ಜಾರ."

"ಹೂಂ."

"ಹೇಳಿದ್ರ ಹಗುರಾಗ್ತೈತಿ ಅನ್ಕೊಂಡಿದ್ದೆ. ಈಗ ಭೂಮಿ ಬಾಯಿ ಬಿಟ್ರ ಒಳಗ ಹೋಗಿಬಿಡೂಣು ಅನಸ್ತೈತಿ."

"ಹೂಂ."

"ಈ ನಾಚಿಕಿ ಯಾವಾಗ ಹೋಗ್ತೈತ್ರಿ?"

"ಗೊತ್ತಿಲ್ಲಪಾ."

"ಆಕಿ ನನ್ನ ಜೋಡಿ ಮಾತಾಡ್ತಾಳೇನ್ರಿ?"

"ಅದೂ ಗೊತ್ತಿಲ್ಲ."

"ಮಕ್ಕಳ ಆಸೆ ಐತಲ್ರಿ, ಅದಾದ್ರೂ ಬಿಡ್ತೈತೇನು ನಮ್ಮನ್ನ?"

ಅಜ್ಜ ತಲೆ ಅಲ್ಲಾಡಿಸಿದರು.

"ಮತ್ತ ನಾ ಏನು ಮಾಡ್ಲ್ರಿ?"

ಅಜ್ಜ ಹೊಳೆಯ ಕಡೆ ಕೈ ತೋರಿಸಿದರು. ಕಟ್ಟಕಡೆಯ ಮೆಟ್ಟಿಲ ಮೇಲೆ, ನೀರಲ್ಲಿ ಕಾಲಿಟ್ಟು ದಾನಮ್ಮ ಕೂತಿದ್ದಳು. ಬೆನ್ನು ಈ ಕಡೆ ಇತ್ತು. ಹೆಗಲು ಅಲುಗುತ್ತಿದ್ದವು.

"ಇಷ್ಟು ವರ್ಷ ನಿಮ್ಮ ಮನ್ಯಾಗ ಮಕ್ಕಳಿಲ್ಲದಾಕಿ ಆಕಿ ಒಬ್ಬಾಕೀನೇ ಇದ್ಳು," ಅಜ್ಜ ಹೇಳಿದರು. "ಹೋಗು, ಇನ್ನ ಮ್ಯಾಲೆ ಇಬ್ಬರಾಗ್ರಿ."