ಎಮ್ಮೆಯ ಹಿಂಗಾಲು

ಮದುವೆಯೂಟಕ್ಕೆ ನುಗ್ಗಿದ ಎಮ್ಮೆಯ ಕುರಿತ ನಗೆಹಾಡನ್ನು ನಾಟಕ ಕಂಪನಿಯವರು ಆಟವಾಗಿ ಆಡಿದರು. ಎಮ್ಮೆವೇಷದೊಳಗೆ ಮುಂಗಾಲು ಮಾಲೀಕ ವಿರೂಪಾಕ್ಷಯ್ಯ, ಹಿಂಗಾಲು ಅಡಿವೆಪ್ಪ. ಆಟಕ್ಕೆ ಮುಂಚೆ ಪಾತ್ರಧಾರಿಗಳ ಹೆಸರು ಕೂಗುವ ರೂಢಿ. ಅಂದು ಅಡಿವೆಪ್ಪನ ಹೆಂಡತಿ ಮೊದಲ ಸಲ ಆಟ ನೋಡಲು ಬಂದಿದ್ದಳು.

"ಧಣೇರ, ಇವತ್ತೊಂದಿನ ನನ್ನ ಹೆಸರೂ ಕೂಗಸ್ರಿ," ಎಂದ ಅಡಿವೆಪ್ಪ.

"ಹಿಂಗಾಲಿಗೆ ಎಂಥಾ ಹೆಸರೋ!" ಎಂದರು ಮಾಲೀಕರು.

ಎಮ್ಮೆ ಕುಣಿಯಬೇಕಾದ ಹೊತ್ತಿಗೆ ಹಿಂಗಾಲು ಕುಳಿತುಬಿಟ್ಟವು. ಜನ ಬಿದ್ದು ಬಿದ್ದು ನಕ್ಕರು.

"ಏಳೋ!" ಮಾಲೀಕರು ಪಿಸುಗುಟ್ಟಿದರು.

"ಯಾರಿಗ್ರೀ ಹೇಳೋದು?" ಎಂದಿತು ಎಮ್ಮೆಯ ಹೊಟ್ಟೆ.

ಮಾಲೀಕರು ಎಳೆದರು, ಬೆವತರು. ಕಡೆಗೆ ಎಮ್ಮೆ ಬಾಯಿಬಿಟ್ಟು ಕೂಗಿತು: "ಅಡಿವೆಪ್ಪಾ, ಎದ್ದೇಳಪ್ಪಾ!"

ಹೆಂಡತಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.

ಮುಂದೆ ಆ ನಾಟಕ ಮಕ್ಕಳ ಚಿತ್ರಪುಸ್ತಕವಾಯಿತು. ಕುಳಿತ ಎಮ್ಮೆಯ ಚಿತ್ರದಡಿ ಆ ಕೂಗನ್ನು ಮಾಲೀಕರೇ ಹೇಳಿ ಹಾಕಿಸಿದರು. ಈಗ ಮಕ್ಕಳ ಬಾಯಲ್ಲಿ ಇಡೀ ಎಮ್ಮೆಯ ಹೆಸರೇ ಅಡಿವೆಪ್ಪ.