ಹೋಗ್ಬನ್ನಿ ಅಂದ ತಪ್ಪಿಗೆ

ಒಂದಾನೊಂದು ಊರಂತೆ. ಊರಿನ ಹೆಸರು ಮಾತ್ರ ಕೇಳಬೇಡಿ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಆ ಊರಲ್ಲಿ ಸಣ್ಣೀರವ್ವ ಅಂತ ಒಬ್ಬ ಹೆಂಗಸಿದ್ದಳಂತೆ. ಅವಳಿಗೆ ಒಂದು ಎಮ್ಮೆ, ಒಂದು ಹೊಲ. ಹೊಲ ಅಂದರೆ ಹೆಸರಿಗೆ ಹೊಲ. ಅರ್ಧ ಮಣ್ಣು, ಇನ್ನರ್ಧ ಬಂಡೆ. ಮಣ್ಣಲ್ಲಿ ರಾಗಿ ಬೆಳೆಯುತ್ತಿತ್ತು, ಬಂಡೆ ಮೇಲೆ ಊರ ಮಕ್ಕಳು ಬೆಳೆಯುತ್ತಿದ್ದರು.

ಅದು ಜಾರುಬಂಡೆ. ತಂಗಡಿ ಸೊಪ್ಪನ್ನು ಕಟ್ಟು ಕಟ್ಟಿ ಅದರ ಮೇಲೆ ಕೂತರೆ ಸಾಕು, ನೆತ್ತಿಯಿಂದ ಬುಡಕ್ಕೆ ಜುಯ್ ಅಂತ ಬಂದು ಬೀಳಬಹುದು. ಮಕ್ಕಳು ಜಾರುತ್ತಿದ್ದರು, ಮಕ್ಕಳ ನೆಪದಲ್ಲಿ ದೊಡ್ಡವರೂ ಜಾರುತ್ತಿದ್ದರು. ಸಣ್ಣೀರವ್ವ ಯಾರ ಹತ್ತಿರವೂ ಒಂದು ಹಿಡಿ ಕಾಳು ಕೇಳಿದವಳಲ್ಲ. ಬಂಡೆಯ ಬಲಗಡೆ ಒಂದು ಬಿರುಕಿತ್ತು. ಅದರ ಉದ್ದಕ್ಕೂ ಸುಣ್ಣದ ಗೆರೆ ಎಳೆದು, "ಗೆರೆ ದಾಟಬ್ಯಾಡ್ರೋ, ಎಡಕ್ಕೆ ಜಾರ್ರೋ" ಅಂತ ದಿನಾ ಕೂಗುತ್ತಿದ್ದಳು. ಹೊತ್ತು ಇಳಿದ ಮೇಲೆ "ಹೋಗ್ಬನ್ನಿ" ಅನ್ನುತ್ತಿದ್ದಳು. ಅವರ ಗಲಾಟೆ ಕೇಳದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲವಂತೆ.

ಹೀಗಿರುವಾಗ ಹಬ್ಬಕ್ಕೆ ಅಂತ ಆ ಊರಿನ ಅಳಿಯ ಮೂಡ್ಲಪ್ಪ ಬಂದ. ಅವನು ರಾಜನಿಗೆ ಕೊಡೆ ಹಿಡಿಯುವವನು. ರಾಜನ ತಲೆ ಮೇಲೆ ಕೊಡೆ ಹಿಡಿದೂ ಹಿಡಿದೂ ತಾನೇ ಅರ್ಧ ರಾಜ ಅಂದುಕೊಂಡಿದ್ದ. ಏಳು ಹೋಳಿಗೆ ತಿಂದ, ಏಳು ಸಲ ಜಾರಿದ, ಸಂಜೆ ಹೊರಟ.

"ಹೋಗ್ಬನ್ನಿ ಅಳಿಯಂದ್ರೇ" ಅಂದಳು ಸಣ್ಣೀರವ್ವ.

ಮಾರನೇ ದಿನ ಮತ್ತೆ ಬಂದ. ಈ ಸಲ ಊರ ಹೆಂಗಸರೆಲ್ಲ ನೋಡಲಿ ಅಂತ, ಕೂರದೆ, ನಿಂತುಕೊಂಡೇ, ಕೊಡೆ ಬಿಚ್ಚಿ ಹಿಡಿದು ಜಾರಿದ! ಸುಣ್ಣದ ಗೆರೆ ದಾಟಿದ, ಬಿರುಕಿಗೆ ಕಾಲು ಸಿಕ್ಕಿತು, ಲಟಕ್ ಅಂತು. ಕೊಡೆಯ ಕಡ್ಡಿಯೂ ಮುರಿಯಿತು, ಅಳಿಯನ ಕಾಲೂ ಮುರಿಯಿತು.

ದೂರು ರಾಜನ ಹತ್ತಿರ ಹೋಯಿತು.

"ಬಂಡೆ ಯಾರದಮ್ಮ?" ಅಂದ ರಾಜ.

"ನಂದೇ ಬುದ್ಧಿ."

"ಇವನನ್ನ ನೀನು ಕರೆದೆಯಾ?"

"ಇಲ್ಲ ಬುದ್ಧಿ. ಯಾರನ್ನೂ ಕರೀಲಿಲ್ಲ, ಯಾರನ್ನೂ ತಡೀಲಿಲ್ಲ."

"ಸುಳ್ಳು ಮಹಾಪ್ರಭು!" ಅಂತ ಮೂಡ್ಲಪ್ಪ ಮಲಗಿದ್ದಲ್ಲಿಂದಲೇ ಕೂಗಿದ. "ನನಗೆ 'ಹೋಗ್ಬನ್ನಿ' ಅಂದಳು. ಹೋಗಿ ಅಂದಳು, ಹೋದೆ. ಬನ್ನಿ ಅಂದಳು, ಬಂದೆ. ಕರೆದ ನೆಂಟನ ಕಾಲು ಮುರಿದರೆ ಕರೆದವರೇ ಹೊಣೆ ಅಲ್ವಾ?"

ರಾಜ ಮೀಸೆ ತಿರುವಿ ಯೋಚನೆ ಮಾಡಿದ. ತನ್ನ ಕೊಡೆಯವನ ಮಾತು, ಸರಿಯಾಗಿಯೇ ಕಂಡಿತು. "ಅಂದದ್ದು ಹೌದೇನಮ್ಮ?" ಅಂದ. ಹೌದು ಅಂದಳು. "ಹಾಗಾದರೆ ಇವನ ಕಾಲು ಕೂಡುವ ತನಕ ನಿನ್ನ ಮನೆಯಲ್ಲೇ ಇಟ್ಟುಕೊಂಡು ಸಾಕು. ಇನ್ನು ಹೊರಡು. ಹೋಗ್ಬಾ ತಾಯಿ."

ಬಡವಿಯ ಸಿಟ್ಟು ದವಡೆಗೆ ಮೂಲ. ಸಣ್ಣೀರವ್ವ ತುಟಿ ಕಚ್ಚಿಕೊಂಡು ಮನೆಗೆ ಬಂದಳು.

ಬಂದವನೇ ಮೂಡ್ಲಪ್ಪ ಅವಳ ಮಂಚದಲ್ಲಿ ಮಲಗಿದ. ಬೆಳಗ್ಗೆ ಹೋಳಿಗೆ ಕೇಳಿದ, ಮಧ್ಯಾಹ್ನ ಹೋಳಿಗೆ ಕೇಳಿದ, ರಾತ್ರಿ ಹೋಳಿಗೆ ಮೇಲೆ ತುಪ್ಪ ಕೇಳಿದ. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು, ಮೂರು ತಿಂಗಳಾಯಿತು. "ಇನ್ನೂ ಚಳುಕು ಐತಮ್ಮ" ಅನ್ನುತ್ತಿದ್ದ. ತುಪ್ಪದ ಗಡಿಗೆ ತಳ ಕಂಡಿತು. ಇನ್ನೊಬ್ಬ ಬಿದ್ದರೆ ಎಮ್ಮೆಯೂ ಹೋಗುತ್ತದೆ, ಹೊಲವೂ ಹೋಗುತ್ತದೆ ಅಂತ ಸಣ್ಣೀರವ್ವ ಬಂಡೆಯ ಸುತ್ತ ಜಾಲಿ ಮುಳ್ಳು ಬಡಿದಳು. ಮಕ್ಕಳು ಸೊಪ್ಪಿನ ಕಟ್ಟು ಹಿಡಿದು ಬೇಲಿಯಾಚೆ ನಿಂತವು. ಅದನ್ನು ನೋಡಲಾರದೆ ಅವಳು ಒಳಗೆ ಹೋಗಿ ಅತ್ತಳಂತೆ.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅವಳು ಯಾರಿಗೂ "ಬಾ" ಅನ್ನುವುದನ್ನೇ ಬಿಟ್ಟಳು! ಬಳೆಗಾರ ಹೊರಟರೆ "ಹೋಗು". ನೆಂಟರು ಹೊರಟರೆ "ಹೋಗಿ". ಪಕ್ಕದ ಮನೆ ಪುಟ್ಟಕ್ಕನ ಮಗಳು ಮದುವೆಯಾಗಿ ಗಂಡನ ಮನೆಗೆ ಹೊರಟಾಗಲೂ, ಅರಿಶಿನ ಕುಂಕುಮ ಕೊಟ್ಟು, "ಹೋಗವ್ವ" ಅಂದುಬಿಟ್ಟಳು.

ಪುಟ್ಟಕ್ಕ ಕೆರಳಿದಳು. "ಬರೀ 'ಹೋಗು' ಅನ್ನೋದು ಹೆಣಕ್ಕೆ ಕಣೇ! ನನ್ನ ಮಗಳೇನು ಸತ್ತೋದ್ಲಾ?"

"ನಾನೇನ್ ಮಾಡ್ಲಿ ಪುಟ್ಟಕ್ಕ? ಬಾ ಅಂದ್ರೆ ಕರೆದಂಗೆ ಅಂತೆ, ಬಿದ್ರೆ ನಾನೇ ಸಾಕ್ಬೇಕಂತೆ. ರಾಜನ ತೀರ್ಪು."

"ಅಯ್ಯೋ, ಆ ರಾಜನೇ ದಿನಾ ನೂರು ಜನಕ್ಕೆ ಹೋಗ್ಬನ್ನಿ ಅಂತಾನೆ. ಅವನಿಗಿಲ್ಲದ ಭಯ ನಿನಗ್ಯಾಕೆ?"

ಸಣ್ಣೀರವ್ವ ಕಣ್ಣು ಒರೆಸಿಕೊಂಡಳು. ಆಮೇಲೆ ನಕ್ಕಳು. ಮೂರು ತಿಂಗಳಲ್ಲಿ ಅದೇ ಮೊದಲು.

ಮಾರನೇ ದಿನ ಅರಮನೆ ಬಾಗಿಲಲ್ಲಿ ಜನವೋ ಜನ. ಮುಂದೆ ಸಣ್ಣೀರವ್ವ, ಕಂಕುಳಲ್ಲಿ ಕಂಬಳಿ ಸುರುಳಿ. ಹಿಂದೆ ನಾಲ್ಕು ಜನ ಹೊತ್ತ ಮಂಚ, ಮಂಚದ ಮೇಲೆ ಮೂಡ್ಲಪ್ಪ. ಅದರ ಹಿಂದೆ ಏಳೂರಿನ ಜನ, ಎಲ್ಲರ ಕೈಯಲ್ಲೂ ಊಟದ ಎಲೆ.

"ಯಾಕಮ್ಮ ಬಂದೆ?" ಅಂದ ರಾಜ.

"ಹೋಗ್ಬಾ ಅಂದಿದ್ರಲ್ಲ ಬುದ್ಧಿ. ಹೋದೆ. ಬಂದೆ."

"ಇವರೆಲ್ಲ?"

"ಇವರಿಗೂ ನೀವು ಒಂದಲ್ಲ ಒಂದು ದಿನ ಹೋಗ್ಬನ್ನಿ ಅಂದೋರೇ. ಹೋಗಿದ್ರು. ಈಗ ಬಂದವ್ರೆ. ಎಲ್ಲಿ ಕೂರಿಸ್ತೀರಿ?"

ಅಷ್ಟರಲ್ಲಿ ಗಾಣಿಗರ ಅಜ್ಜ ಅರಮನೆ ಮೆಟ್ಟಿಲ ಮೇಲೆ ಮುಗ್ಗರಿಸಿ, "ಅಯ್ಯಯ್ಯೋ ನನ್ನ ಸೊಂಟ!" ಅಂತ ಕೂತುಬಿಟ್ಟ. ಬಿದ್ದನೋ, ಬಿದ್ದಂತೆ ಮಾಡಿದನೋ, ಅದು ಅವನಿಗೂ ಅವನ ಸೊಂಟಕ್ಕೂ ಗೊತ್ತು.

"ಕರೆದ ನೆಂಟ ಬಿದ್ದ ಬುದ್ಧಿ" ಅಂದಳು ಸಣ್ಣೀರವ್ವ. "ಮಂಚ ಹಾಕಿಸಿ. ಅಜ್ಜನಿಗೆ ಹೋಳಿಗೆ ಮೇಲೆ ತುಪ್ಪ ಜಾಸ್ತಿ."

ರಾಜ ಜನರನ್ನು ನೋಡಿದ, ಎಲೆಗಳನ್ನು ನೋಡಿದ, ಅಜ್ಜನನ್ನು ನೋಡಿದ. ಮೊದಲು ಮುಖ ಕೆಂಪಾಯಿತು, ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. ನಕ್ಕು ಮುಗಿಸಿ ಮೂಡ್ಲಪ್ಪನ ಕಡೆ ತಿರುಗಿದ.

"ಜಾರೋದಕ್ಕೆ ಇವಳು ನಿನ್ನ ಹತ್ತಿರ ಏನಾದರೂ ತಗೊಂಡಳೇನೋ?"

"ಇಲ್ಲ ಮಹಾಪ್ರಭು."

"ಬಿರುಕನ್ನ ಮುಚ್ಚಿಟ್ಟಿದ್ದಳೇನೋ?"

"ಇಲ್ಲ... ಸುಣ್ಣದ ಗೆರೆ ಇತ್ತು."

"ಗೆರೆ ಕಾಣಲಿಲ್ವಾ?"

"ಕಾಣ್ತು. ಆದರೆ ಹೆಂಗಸರು ನೋಡ್ತಿದ್ರು, ಮಹಾಪ್ರಭು."

ಸಭೆ ಗೊಳ್ಳೆಂದಿತು. ರಾಜ ಎದ್ದು ನಿಂತು ಸಾರಿದ: "ನನ್ನ ಹಳೇ ತೀರ್ಪು ತಪ್ಪು. ನಾಲ್ಕು ಜನ ನಲಿಯಲಿ ಅಂತ ನೆಲ ಬಿಟ್ಟುಕೊಟ್ಟವರು, ಅದಕ್ಕೆ ಕೈಯೊಡ್ಡಿದ್ದರೆ ಹೊಣೆ ಕೇಳಿ, ಗುಂಡಿ ಮುಚ್ಚಿಟ್ಟಿದ್ದರೆ ಹೊಣೆ ಕೇಳಿ. ಎರಡೂ ಇಲ್ಲದಿದ್ದರೆ ಬಿದ್ದವನ ಬೀಳು ಬಿದ್ದವನದೇ."

ಇನ್ನು ಹೋಳಿಗೆ ಇಲ್ಲ ಅಂತ ತಿಳಿದ ಗಳಿಗೆಯಲ್ಲೇ ಮೂಡ್ಲಪ್ಪನ ಕಾಲು ಕೂಡಿತಂತೆ. ಮಂಚದಿಂದ ಇಳಿದು ನಡೆದೇ ಬಿಟ್ಟ! ರಾಜ ಬಂದವರಿಗೆಲ್ಲ ಊಟ ಹಾಕಿಸಿ, ಬೀಳ್ಕೊಡುವಾಗ ಬಾಯಿ ತೆಗೆದವನು ಒಂದು ಕ್ಷಣ ತಡೆದು, ಎಲೆಗಳ ಕಡೆ ನೋಡಿ, ಮೆಲ್ಲಗೆ "ಹೋಗ್ಬನ್ನಿ" ಅಂದ.

ಸಣ್ಣೀರವ್ವ ಊರಿಗೆ ಬಂದವಳೇ ಮುಳ್ಳಿನ ಬೇಲಿ ಕಿತ್ತೆಸೆದಳು. ಮಕ್ಕಳು ಹೋ ಅಂತ ನುಗ್ಗಿದವು. ಪುಟ್ಟಕ್ಕನ ಮಗಳ ಗಂಡನ ಮನೆಗೆ ತಾನೇ ನಡೆದು ಹೋಗಿ, "ಅವತ್ತು ಅರ್ಧ ಮಾತು ಉಳಿಸ್ಕೊಂಡಿದ್ದೆ ಮಗಳೇ, ತವರಿಗೆ ಬಾರವ್ವ" ಅಂದು ಬಂದಳು.

ಒಂದು ದಿನ ಮೂಡ್ಲಪ್ಪ ತನ್ನ ಮುರುಕು ಕೊಡೆ ತಗೊಂಡು ಹೋಗೋಕೆ ಬಂದ. ತಲೆ ತಗ್ಗಿಸಿ ಹೊರಟು ನಿಂತ.

"ಹೋಗಿ" ಅಂದಳು.

ಅವನು ಇನ್ನೊಂದು ಮಾತಿಗೆ ಕಾದ. ಅವಳು ಬಂಡೆ ಕಡೆ ನಡೆದಳು. ಪಾಪ, ಮುಖ ಸಣ್ಣದು ಮಾಡಿಕೊಂಡು ನಡೆದ. ಹೊಲ ದಾಟಿದ, ದಾರಿಯ ತಿರುವು ಮುಟ್ಟಿದ. ಆಗ ಬಂಡೆ ಮೇಲಿಂದ ಕೂಗು ಕೇಳಿಸಿತಂತೆ:

"ಬನ್ನೀ ಅಳಿಯಂದ್ರೇ! ಕೂತ್ಕೊಂಡು ಜಾರೋದಾದ್ರೆ ಬನ್ನೀ!"

ಅವರೆಲ್ಲ ಅಲ್ಲಿ ಜಾರಿಕೊಂಡು ಸುಖವಾಗಿದ್ದಾರಂತೆ, ನಾವಿಲ್ಲಿ ಕೂತಲ್ಲೇ ಕೂತಿದ್ದೇವೆ. ಕತೆ ಮುಗಿಯಿತು, ಹೊಸಿಲು ನೋಡಿಕೊಂಡು ದಾಟಿ. ಹೋಗ್ಬನ್ನಿ.