ಬಿಲ್ಲಿಳಿಸಿದ ದೊಣೆ

ಜಾಲಿಹಟ್ಟಿಯಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ನವಿಲುಮೊರಡಿ ಎಂಬ ಕಲ್ಲುಗುಡ್ಡ ಸಿಗುತ್ತದೆ. ಹೆಸರಿಗಷ್ಟೇ ನವಿಲು, ಕಣ್ಣಿಗೆ ಬೀಳುವುದು ಬರೀ ಬಂಡೆ, ಜಾಲಿಯ ಗಿಡ, ಕಳ್ಳಿಯ ಮೆಳೆ. ಮೊರಡಿಯ ಬುಡದಲ್ಲಿ ಎರಡು ಬಂಡೆಗಳು ಕೂಡುವ ಕಡೆ ಒಂದು ದೊಣೆಯಿದೆ. ಕಲ್ಲಿನ ತಗ್ಗಿನಲ್ಲಿ ತಾನಾಗಿ ನೀರು ನಿಂತರೆ ಅದನ್ನು ಈ ಕಡೆಯವರು ದೊಣೆ ಎನ್ನುತ್ತಾರೆ. ಸುತ್ತಲಿನ ಬಾವಿಗಳೆಲ್ಲ ಬತ್ತಿದ ಬೇಸಿಗೆಯಲ್ಲೂ ಇದರಲ್ಲಿ ಮೊಣಕಾಲುದ್ದ ನೀರಿರುತ್ತದೆ. ಕುರಿ ಹೊಡೆದುಕೊಂಡು ಬಂದವರು ತಮಗೆ ಎಷ್ಟೇ ಬಾಯಾರಿದ್ದರೂ ಇಲ್ಲಿ ಮೊದಲು ಮಂದೆಗೆ ದಾರಿ ಬಿಡುತ್ತಾರೆ. ಕೊನೆಯ ಕುರಿ ತಲೆಯೆತ್ತಿದ ಮೇಲೆಯೇ ಬೊಗಸೆ ಒಡ್ಡುವುದು. ಕುರಿ ಕಲಕಿದ ನೀರನ್ನು ಕುಡಿಯುವುದೇ ಎಂದು ಪೇಟೆಯಿಂದ ಬಂದವರು ಮೂಗು ಮುರಿದರೆ, "ನಿಮಗಿನ್ನೂ ಬಾಯಾರಿಲ್ಲ ಬಿಡ್ರಿ" ಎಂದು ನಗುತ್ತಾರೆ. ಈ ದೊಣೆಗೆ ಬಿಲ್ಲಿಳಿಸಿದ ದೊಣೆ ಎಂದು ಹೆಸರು. ಬಿಲ್ಲೆತ್ತಿದವರ ಹೆಸರು ಹೊತ್ತ ಗುಡ್ಡಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಇಳಿಸಿದ್ದಕ್ಕಾಗಿ ಹೆಸರು ಪಡೆದ ಜಾಗ ಇದೊಂದೇ.

ಹಿಂದೆ ಒಮ್ಮೆ, ಈ ಬಯಲೆಲ್ಲ ಹುಲ್ಲುಗಾವಲಾಗಿದ್ದು ಚಿಗರಿಗಳು ಹಿಂಡುಹಿಂಡಾಗಿ ಮೇಯುತ್ತಿದ್ದ ಕಾಲದಲ್ಲಿ, ಜಾಲಿಹಟ್ಟಿಯಲ್ಲಿ ಕಾಟಯ್ಯನೆಂಬ ಬೇಡರ ಬಿಲ್ಲುಗಾರನಿದ್ದನಂತೆ. ಅವನಿಗೆ ಇದ್ದವಳು ಒಬ್ಬಳೇ ಮಗಳು, ಹದಿನಾಲ್ಕರ ಪಾಲಕ್ಕ. ನಡೆಯಲು ಕಲಿತಾಗಿನಿಂದ ಅಪ್ಪನ ಬೆನ್ನು ಬಿಡದವಳು. ಅವಳ ಕೈಗೆ ಬಿದಿರಿನ ಬಿಲ್ಲು ಕೊಟ್ಟು, ಓತಿಕ್ಯಾತದಿಂದ ಹಿಡಿದು ಹಾರುವ ಕೌಜುಗದವರೆಗೆ ಗುರಿ ಕಲಿಸಿದ್ದ. ತನಗಿಂತ ಮಗಳ ಕಣ್ಣೇ ಚುರುಕು ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಅವನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆ ವರ್ಷ ಯುಗಾದಿಯ ಬೇಟೆಗೆ ಹಟ್ಟಿಯ ಗಂಡಸರೆಲ್ಲ ಹೊರಟಾಗ ಕಾಟಯ್ಯ ಮಗಳನ್ನೂ ಕರೆದುಕೊಂಡು ಬಂದು ನಿಂತ. ಹಟ್ಟಿಯ ಯಜಮಾನ ಮಲ್ಲೂರಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬಿಲ್ಲು ಹಿಡಿದ ಮೇಲೆ ಕಟ್ಟೂ ಹಿಡೀಬೇಕಾಗ್ತೈತೆ ಕಣವ್ವ. ಹೆಣ್ಣುಡುಗಿ ಅಂತ ಯಾರೂ ಸಡಿಲ ಬಿಡಾಕಿಲ್ಲ" ಎಂದ.

ಆ ಹಟ್ಟಿಯ ಬೇಟೆಗೆ ಎರಡು ಕಟ್ಟುಗಳಿದ್ದವು. ನೀರಿಗೆ ಬಾಯಿಟ್ಟ ಮಿಗದ ಮೇಲೆ ಬಿಲ್ಲೆತ್ತಬಾರದು, ಇದು ಒಂದು. ಗಾಯಗೊಂಡ ಮಿಗವನ್ನು ಬಿಟ್ಟು ಬರಬಾರದು, ಅದು ಕೈಗೆ ಸಿಕ್ಕುವತನಕ ಬಾಣ ಬಿಟ್ಟವರು ಒಂದು ಹನಿ ನೀರನ್ನೂ ಮುಟ್ಟಬಾರದು, ಇದು ಇನ್ನೊಂದು. ಪ್ರಾಣಿ ನೋವು ತಿಂದುಕೊಂಡು ಬಾಯಾರಿ ಅಲೆಯುವಾಗ ಹೊಡೆದವರ ಗಂಟಲು ಮಾತ್ರ ತಂಪಾಗಿರುವುದು ಯಾವ ನ್ಯಾಯ ಎಂದು ಹಿರಿಯರು ಕೇಳುತ್ತಿದ್ದರು. ಎರಡನೆಯ ಕಟ್ಟಿಗೆ ಹೆದರಿಯೇ ಹಟ್ಟಿಯವರು ಗುರಿ ಕಲಿಯುತ್ತಿದ್ದರು ಎಂದರೆ ಸುಳ್ಳಲ್ಲ.

ಮೊದಲ ದಿನ ಹೊತ್ತೇರುವ ಮೊದಲೇ ಒಂದು ಗಂಡು ಚಿಗರಿ ಪಾಲಕ್ಕನ ಅಳತೆಗೆ ಬಂತು. ಕಾಟಯ್ಯ ಅವಳ ಹಿಂದೆಯೇ ನಿಂತಿದ್ದ. ಚಿಗರಿ ನೆಗೆಯುವುದಕ್ಕೂ ಅವಳು ಬಾಣ ಬಿಡುವುದಕ್ಕೂ ಸರಿಹೋಯಿತು. ಎದೆಗೆ ನೆಡಬೇಕಾಗಿದ್ದ ಬಾಣ ತೊಡೆಗೆ ನೆಟ್ಟು, ಮಿಗ ಕುಂಟುತ್ತಲೇ ಹುಲ್ಲಿನಲ್ಲಿ ಮರೆಯಾಯಿತು. ಪಾಲಕ್ಕ ಅಳಲಿಲ್ಲ. ಸೊಂಟದಲ್ಲಿದ್ದ ನೀರಿನ ಸೋರೆಬುರುಡೆಯನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟು, ನೆತ್ತರಿನ ಹನಿಗಳ ಹಿಂದೆ ಹೊರಟಳು. ಹಟ್ಟಿಯವರಲ್ಲಿ ಎಷ್ಟೋ ಜನ "ಮೊದಲ ಬೇಟೆ, ಮಗು, ಹೋಗಲಿ ಬಿಡು" ಎಂದರು. ಅವಳು ತಿರುಗಿ ನೋಡಲಿಲ್ಲವಂತೆ. ಕಾಟಯ್ಯ ಒಬ್ಬನೇ ಅವಳ ಹಿಂದೆ ಹೋದ.

ಅಂದು ಇಡೀ ಹಗಲು ನಡೆದರು. ನೆತ್ತರು ಒಣಗಿ ಗುರುತು ಸಿಗದಾದಾಗ ಕಾಟಯ್ಯ ನೆಲಕ್ಕೆ ಬಾಗಿ, ಮೂರು ಗೊರಸು ಊರಿ ಒಂದು ಗೊರಸು ಎಳೆದ ಜಾಡನ್ನು ಹುಡುಕಿಕೊಟ್ಟ. ಯುಗಾದಿಯ ಬಿಸಿಲಿಗೆ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ನೀರು ಬಿಡುವ ಕಟ್ಟು ಬಾಣ ಬಿಟ್ಟವಳಿಗೆ ಮಾತ್ರ, ಅಪ್ಪನಿಗಿರಲಿಲ್ಲ. "ನೀನ್ಯಾಕೆ ಒಣಗ್ತೀಯ ಯಪ್ಪಾ, ಕುಡಿ" ಎಂದಳು. "ನನ್ನ ಗಂಟಲಾಗೆ ಇಳಿಯಾಕಿಲ್ಲ, ನಡಿ" ಎಂದ. ಮರುದಿನ ಬಿಸಿಲೇರುವ ಹೊತ್ತಿಗೆ ಪಾಲಕ್ಕನ ತುಟಿ ಸೀಳಿತ್ತು, ನಾಲಗೆ ದಪ್ಪವಾಗಿ ಮಾತು ತೊದಲುತ್ತಿತ್ತು. ಅಷ್ಟು ಬಿಸಿಲಲ್ಲೂ ಅವಳ ಮೈಯಲ್ಲಿ ಬೆವರಿಲ್ಲದ್ದನ್ನು ಕಾಟಯ್ಯ ಗಮನಿಸಿದ. ಬಿಸಿಲು ಬಡಿದು ಸತ್ತವರನ್ನು ಅವನು ಕಂಡಿದ್ದ. "ಒಂದು ಗುಟುಕು ಕುಡಿಯವ್ವ. ಯಾರೂ ನೋಡಾಕಿಲ್ಲ" ಎಂದು ಬುರುಡೆ ಮುಂದೆ ಹಿಡಿದ. ಅವಳು ತಲೆಯಲ್ಲಾಡಿಸಿದಳು.

ನವಿಲುಮೊರಡಿಯ ಬುಡಕ್ಕೆ ಬಂದಾಗ ಚಿಗರಿ ಕಂಡಿತು. ಎರಡು ಬಂಡೆಗಳ ನಡುವೆ ಮುಂಗಾಲು ಮಡಚಿ, ದೊಣೆಯ ನೀರಿಗೆ ಬಾಯಿಟ್ಟು ಕುಡಿಯುತ್ತಿತ್ತು. ಕಾಟಯ್ಯ ಮಗಳ ಕಡೆ ನೋಡಿದ. ಈ ಮಿಗ ಬೆದರಿ ಬಂಡೆಗಳೊಳಗೆ ನುಸುಳಿದರೆ ಅದರ ಹಿಂದೆ ಹೋಗಿ ಜೀವಸಹಿತ ಬರುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅವನಿಗೆ ಕಟ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಬಿಲ್ಲೆತ್ತಿ ಕಿವಿಯವರೆಗೆ ಹೆದೆಯೆಳೆದ. ಮಗಳು ಸಾಯುವುದನ್ನು ನೋಡುತ್ತಾ ನಿಲ್ಲುವ ಧರ್ಮ ಯಾವ ತಂದೆಗೆ ತಾನೇ ಬೇಕು?

ಪಾಲಕ್ಕ ಮೆಲ್ಲಗೆ ಕೈ ಚಾಚಿ ಬಾಣದ ತುದಿಯ ಮೇಲೆ ಇಟ್ಟಳು. "ಬ್ಯಾಡ ಯಪ್ಪಾ. ಅದಕ್ಕೂ ನನ್ನಂಗೇ ಬಾಯಾರೈತೆ."

"ಓಡಿಹೋದ್ರೆ ನೀನು ಉಳಿಯಾಕಿಲ್ಲ ಮಗಾ."

"ಕುಡೀಲಿ ಬಿಡು."

ಹೆದೆ ಎಳೆದ ಮೇಲೆ ಬಾಣ ಬಿಡದೆ ಇದ್ದದ್ದು ಕಾಟಯ್ಯನ ಜನ್ಮದಲ್ಲೇ ಇಲ್ಲ ಎನ್ನುತ್ತಾರೆ. ಅಂದು ಇಳಿಸಿದ. ಚಿಗರಿ ಕುಡಿಯಿತು, ಉಸಿರು ಬಿಟ್ಟಿತು, ಮತ್ತೆ ಕುಡಿಯಿತು. "ಇವಳು ಹುಟ್ಟುವಾಗ ಗುಡಿಸಲ ಹೊರಗೆ ಕುಂತಿದ್ದೆನಲ್ಲ, ಅವತ್ತೂ ಅಷ್ಟು ಹೊತ್ತು ಆಗಿರಲಿಲ್ಲ" ಎಂದು ಅವನು ಮುದುಕನಾದ ಮೇಲೂ ಹೇಳುತ್ತಿದ್ದನಂತೆ. ಕೊನೆಗೆ ಮಿಗ ತಲೆಯೆತ್ತಿ, ನೀರು ಬಿಟ್ಟು, ಮೂರು ಹೆಜ್ಜೆ ಆಚೆಗೆ ಬಂತು. ಪಾಲಕ್ಕ ಮಂಡಿಯೂರಿ, ಬಿಲ್ಲಿನ ಕೆಳಗೊನೆಯನ್ನು ಕಲ್ಲಿಗೆ ಆನಿಸಿ ಬಾಣ ಬಿಟ್ಟಳು. ಈ ಸಲ ಎದೆಗೇ ನೆಟ್ಟಿತು. ಚಿಗರಿ ಬಿದ್ದ ಮೇಲೆ ಅವಳೂ ಬಿದ್ದಳು. ಕಾಟಯ್ಯ ಅವಳನ್ನು ಎತ್ತಿ ತಂದು ದೊಣೆಯ ಅಂಚಿನಲ್ಲಿ ಮಲಗಿಸಿ, ರುಮಾಲು ನೆನೆಸಿ ಹನಿಹನಿಯಾಗಿ ಬಾಯಿಗೆ ಹಿಂಡಿದ. ಅವಳು ಕಣ್ಣು ಬಿಟ್ಟ ಮೇಲೆ ತಾನೂ ಕುಡಿದ. ಆಮೇಲೆ ಬಿಕ್ಕಿಬಿಕ್ಕಿ ಅತ್ತ.

ಹಟ್ಟಿಯಲ್ಲಿ ಬೇಟೆಯ ಪಾಲು ಹಾಕುವ ಮೊದಲು, ಮಿಗ ಹೇಗೆ ಸಿಕ್ಕಿತೆಂದು ಎಲ್ಲರ ಮುಂದೆ ಹೇಳುವ ಪದ್ಧತಿಯಿತ್ತು. ಪಾಲಕ್ಕ ತನ್ನ ತಪ್ಪು ಗುರಿಯನ್ನು ಹೇಳಿದಳು, ನಡೆದದ್ದನ್ನು ಹೇಳಿದಳು, ದೊಣೆಯ ಹತ್ತಿರ ಹೊಡೆದದ್ದನ್ನು ಹೇಳಿದಳು. ಅಪ್ಪನ ಬಿಲ್ಲಿನ ಮಾತು ಮಾತ್ರ ಎತ್ತಲಿಲ್ಲ. ಆಗ ಕಾಟಯ್ಯ ಎದ್ದು ನಿಂತ. "ನೀರಿಗೆ ಬಾಯಿಟ್ಟ ಮಿಗದ ಮ್ಯಾಲೆ ನಾನು ಬಿಲ್ಲೆತ್ತಿದೆ. ಇಳಿಸಿದೋಳು ಇವಳು" ಎಂದ. ಮಲ್ಲೂರಯ್ಯ ಕೇಳಿದ, "ಅಲ್ಲಿದ್ದೋರು ನೀವಿಬ್ಬರೇ. ನಿನ್ನ ಮಗಳು ಹೇಳ್ತಿರಲಿಲ್ಲ. ನೀನ್ಯಾಕೆ ಹೇಳಿದೆ ಕಾಟಯ್ಯ?"

"ನಾನು ಹೇಳದಿದ್ರೆ ಇದನ್ನ ಇವಳೊಬ್ಬಳೇ ಹೊತ್ಕಂಡು ತಿರುಗಬೇಕಾಗಿತ್ತು ಯಜಮಾನ" ಎಂದ ಕಾಟಯ್ಯ. ಅವನಿಗೆ ದಂಡ ಹಾಕುವ ಮಾತನ್ನು ಯಾರೂ ಆಡಲಿಲ್ಲ. ಮುಂದೆ ಹಟ್ಟಿಯವರು ಆ ದೊಣೆಯನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

ದೊಣೆಯ ಬಲಗಡೆ, ಚಿತ್ರ ಕೆತ್ತಿದ ಆಳುದ್ದದ ಒಂದು ಕಲ್ಲು ಇಂದಿಗೂ ನೆಟ್ಟಗೆ ನಿಂತಿದೆ. ಮಳೆಗಾಳಿಗೆ ಮುಖಗಳು ಸವೆದುಹೋಗಿವೆ. ಆದರೂ ಎತ್ತರದ ಆಳೊಬ್ಬ ನೆಲದತ್ತ ಬಿಲ್ಲು ಬಾಗಿಸಿರುವುದು, ಅವನ ಭುಜದೆತ್ತರದ ಹುಡುಗಿಯ ಕೈ ಆ ಬಿಲ್ಲಿನ ಮೇಲಿರುವುದು ಚೆನ್ನಾಗಿ ತಿಳಿಯುತ್ತದೆ. ಅವರ ಕಾಲ ಬಳಿ ಒಂದು ಚಿಗರಿಯಿದೆ. ನೀರು ಕುಡಿಯುತ್ತಿದೆ.